ನಿರಂಜನನ ನಂಬರ್

ಮೊದಲ ಫೋನು ಬಂದಾಗ ನಾನು ಗದ್ದೆಗೆ ನೀರು ಕಟ್ಟುತ್ತಿದ್ದೆ. ಕೆಸರು ಕೈಯನ್ನು ಲುಂಗಿಗೆ ಒರೆಸಿಕೊಂಡು ಎತ್ತಿದರೆ ಹೆಣ್ಣು ದನಿ. ಹಲೋ ಇಲ್ಲ, ನಮಸ್ಕಾರ ಇಲ್ಲ. "ನಿಮ್ಮ ಹೆಂಡತಿ ಎಲ್ಲಿ?" ಅಂತ ಕೇಳಿತು.

ಬೇರೆ ಯಾರಾದರೂ ಆಗಿದ್ದರೆ ಉಗಿದು ಇಡುತ್ತಿದ್ದರು. ಮದುವೆಯಾಗದ ಗಂಡಸು ಗೊತ್ತಿಲ್ಲದ ನಂಬರಿಗೆ ಉಗಿಯುವ ಹಾಗಿಲ್ಲ. ನಮ್ಮ ಕಡೆ ಹೆಣ್ಣಿನವರು ನೆಟ್ಟಗೆ ಬಂದು ವಿಚಾರಿಸುವುದಿಲ್ಲ. ಮೊದಲು ಅವರ ಚಿಕ್ಕಮ್ಮನೋ ಅತ್ತಿಗೆಯೋ ಏನಾದರೊಂದು ನೆಪ ತೆಗೆದು ಫೋನ್ ಮಾಡುತ್ತಾರೆ. ಗಂಡು ಒರಟನಾ, ಕುಡಿದಿದ್ದಾನಾ, ದನಿ ಹೇಗಿದೆ, ಎಲ್ಲವನ್ನೂ ಅಷ್ಟರಲ್ಲೇ ಅಳೆದುಬಿಡುತ್ತಾರೆ. ಒಬ್ಬಾಕೆ ಗ್ಯಾಸ್ ಏಜೆನ್ಸಿಯವಳು ಅಂತ ಮಾಡಿದ್ದಳು. ಇನ್ನೊಬ್ಬಾಕೆ ತೆಂಗಿನಕಾಯಿ ಇದೆಯಾ ಅಂತ ಶುರುಮಾಡಿ, ಮಾತಿನ ಮಧ್ಯೆ ತಲೇಲಿ ಕೂದಲು ಇದೆಯಾ ಅಂತ ಕೇಳಿದಳು. ಹಾಗಾಗಿ ಇವಳೂ ಯಾವುದೋ ಹೆಣ್ಣಿನ ಕಡೆಯವಳೇ, ನನಗೆ ಆಗಲೇ ಒಂದು ಮದುವೆಯಾಗಿದೆ ಅಂತ ಯಾವನೋ ಹೊಟ್ಟೆಕಿಚ್ಚಿನವನು ಕಲ್ಲು ಹಾಕಿದ್ದಾನೆ ಅಂತ ತಿಳಿದೆ.

"ನನಗೆ ಹೆಂಡತಿ ಇಲ್ಲ ಮೇಡಂ," ಅಂದೆ, ಆದಷ್ಟು ಮೆತ್ತಗೆ. "ಯಾವತ್ತೂ ಇರ್ಲಿಲ್ಲ."

ಆ ಕಡೆಯವಳು ಕಿವಿ ಕಿತ್ತುಹೋಗುವ ಹಾಗೆ ಕಿರುಚಿದಳು. "ಅಯ್ಯಯ್ಯೋ, ಇಲ್ವಂತೆ ಕಣೇ! ಅವನ ಬಾಯಲ್ಲೇ ಬಂತು!" ಅವಳ ಹಿಂದೆ ಇನ್ನಷ್ಟು ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿಕೊಂಡು ನಕ್ಕರು. ಫೋನ್ ಕಟ್ಟಾಯಿತು.

ನನಗೆ ಹೆಂಡತಿಯಿಲ್ಲ ಅಂತ ಈವರೆಗೆ ಯಾರೂ ಅಷ್ಟು ಸಂತೋಷಪಟ್ಟಿರಲಿಲ್ಲ. ಅವತ್ತೆಲ್ಲ ನಾನು ಗದ್ದೆಯಲ್ಲಿ ಒಬ್ಬನೇ ಹಲ್ಲು ಕಿರಿದುಕೊಂಡು ಓಡಾಡಿದೆ.

ನಾನು ಸುದರ್ಶನ, ಹೊಳೆನರಸೀಪುರದ ಹತ್ತಿರ ಹರದನಹಳ್ಳಿಯವನು. ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು, ಹಾಲು ಕರೆಯುವ ಒಂದು ಸೀಮೆಹಸು, ತಾರಸಿ ಮನೆ ಇದೆ. ನಲವತ್ತು ದಾಟಿದೆ. ನಮ್ಮಪ್ಪನ ಕಾಲದಲ್ಲಿ ಇಷ್ಟಿದ್ದವನ ಮನೆಗೆ ಹೆಣ್ಣು ಹೆತ್ತವರೇ ನಡೆದುಕೊಂಡು ಬರುತ್ತಿದ್ದರಂತೆ. ಈಗ ಹೆಣ್ಣಿನವರಿಗೆ ಜಮೀನು ಇರಬೇಕು, ಗಂಡು ಮಾತ್ರ ಆ ಜಮೀನಿನಲ್ಲಿ ಇರಬಾರದು. "ವ್ಯವಸಾಯ" ಅನ್ನುತ್ತಿದ್ದ ಹಾಗೆ ಫೋನ್ ಇಡುತ್ತಾರೆ. ನನ್ನ ಫೋಟೋ, ಜಾತಕ, ನಂಬರು ನಾಲ್ಕು ತಾಲೂಕಿನ ದಲ್ಲಾಳಿಗಳ ಜೇಬಿನಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಅಲೆದು ಅಲೆದು ಸವೆದುಹೋಗಿವೆ. ಅವ್ವ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದಳು. ಅವಳು ಹೋದ ಮೇಲೆ ಮನೆಯಲ್ಲಿ ಮಾತು ಅನ್ನುವುದು ನಿಂತೇ ಹೋಗಿದೆ.

ಆ ಹೊತ್ತಿಗೆ ಚಲುವಯ್ಯ ಅನ್ನುವ ದಲ್ಲಾಳಿ ಚನ್ನರಾಯಪಟ್ಟಣದ ಒಂದು ಸಂಬಂಧ ತಂದಿದ್ದ. "ಹೆಣ್ಣು ಟೀಚರ್ರು ಕಣಪ್ಪ. ವಯಸ್ಸೂ ವಸಿ ಆಗದೆ. ಇದು ಆಯ್ತದೆ, ನೀ ಸುಮ್ಕಿರು," ಅಂದಿದ್ದ. ಹೆಸರು, ಫೋಟೋ ಕೊಟ್ಟಿರಲಿಲ್ಲ. ಹೆಣ್ಣಿನದು ಮೊದಲೇ ಕೊಡುವುದಿಲ್ಲ, ನಮ್ಮದು ಮಾತ್ರ ಊರೆಲ್ಲ ಹಂಚುತ್ತಾರೆ. ಅವರ ಉತ್ತರಕ್ಕೆ ಕಾಯುತ್ತಿದ್ದೆ. ಹೇಳಿಬಿಡುತ್ತೇನೆ, ಇದೂ ತಪ್ಪಿದರೆ ಇನ್ನು ಯಾರಿಗೂ ನಂಬರು ಕೊಡುವುದಿಲ್ಲ ಅಂತ ಒಳಗೊಳಗೇ ತೀರ್ಮಾನ ಮಾಡಿದ್ದೆ.

ಅದಕ್ಕೇ ಸಂಜೆ ಅರಕಲಗೂಡಿನ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಆಶಾರಾಣಿ ಅಲ್ಲಿ ಶುಂಠಿ ಬೆಳೆಯುವವರ ಮನೆ ಸೊಸೆ. ಅವ್ವ ಹೋದ ಮೇಲೆ ನನ್ನ ಮದುವೆಯ ಉಸಾಬರಿ ಅವಳ ತಲೆಗೇ ಬಂದಿದೆ.

"ನಕ್ಕುದ್ರಾ?" ಅಂದಳು.

"ಚಪ್ಪಾಳೆ ತಟ್ಟುದ್ರು ಕಣಕ್ಕ."

"ಅಂಗಾದ್ರೆ ಚನ್ರಾಯಪಟ್ಣದೋರೇ ಕಣ್ಲಾ. ಮೊದ್ಲೇ ಮದ್ವೆ ಆಗದೆ ಅಂತ ಯಾವನೋ ಕಿವಿ ಊದವ್ನೆ. ಇಲ್ಲ ಅಂದಿದ್ಕೆ ಕುಸಿಯಾಗವ್ರೆ. ನೀನು ಯಾರು ಫೋನ್ ಮಾಡುದ್ರೂ ಮರ್ವಾದೆಯಾಗಿ ಮಾತಾಡು. ಎಗರಾಡ್ಬ್ಯಾಡ."

ಎಗರಾಡಲಿಲ್ಲ. ಮಾರನೇ ದಿನ ಮತ್ತಿಬ್ಬರು ಮಾಡಿದರು. ಹೆಂಡತಿ ಎಲ್ಲಿ ಅಂದರು, ಇಲ್ಲ ಅಂದೆ, ಕುಣಿದಾಡಿ ಇಟ್ಟರು. ಆಮೇಲೆ ದಿನಾ ಇದೇ ಆಯಿತು. ಹಾಸನದಿಂದ ಒಬ್ಬಳು, ಎಲ್ಲಿಂದಲೋ ಇನ್ನೊಬ್ಬಳು. ನನಗಂತೂ ಗಂಡುಗಳ ಸಂತೆಯಲ್ಲಿ ನನ್ನ ರೇಟು ಏರಿದೆ ಅಂತಲೇ ಅನ್ನಿಸಿತು. ಹೊಳೆನರಸೀಪುರಕ್ಕೆ ಹೋಗಿ ಒಂದು ತಿಳಿನೀಲಿ ಶರ್ಟು ತಗೊಂಡು ಬಂದೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ಹಿರಿಯರು ನನ್ನಂಥವನನ್ನು ನೋಡಿಯೇ ಹೇಳಿರಬೇಕು.

ಹುಚ್ಚು ಬಿಡಿಸಿದ್ದು ಹಾಸನದ ಒಬ್ಬ ರಿಟೈರ್ಡ್ ಮೇಷ್ಟ್ರು. ಎತ್ತಿದ ತಕ್ಷಣ ಬೈದರು.

"ರೀ ನಿರಂಜನ್, ಬರೆದವರಿಗೆ ಹೇಳ್ರೀ, ಇದು ಓದುಗರಿಗೆ ಮಾಡಿದ ಮೋಸ. ಪುಸ್ತಕದ ಉದ್ದಕ್ಕೂ ಹೆಂಡತಿ ಬಾಯಲ್ಲಿ ಕತೆ ಹೇಳಿಸಿ, ಕೊನೆಗೆ ಹೆಂಡತಿಯೇ ಇರಲಿಲ್ಲ ಅಂದ್ರೆ ಏನ್ರೀ ಅರ್ಥ?"

"ಸಾ, ನಾನು ನಿರಂಜನ್ ಅಲ್ಲ. ಸುದರ್ಶನ ಅಂತ, ಹರದನಹಳ್ಳಿ."

"ಹಾಗಾದ್ರೆ ಕಾದಂಬರಿಯಲ್ಲಿ ನಿಮ್ಮ ನಂಬರ್ ಯಾಕ್ರೀ ಇದೆ?"

ಮೇಷ್ಟ್ರು ಒಳ್ಳೆಯವರು. ಸಿಟ್ಟು ಇಳಿದ ಮೇಲೆ ಎಲ್ಲ ಬಿಡಿಸಿ ಹೇಳಿದರು. 'ಎತ್ತದ ಫೋನು' ಅಂತ ಒಂದು ಸಸ್ಪೆನ್ಸ್ ಕಾದಂಬರಿ ಬಂದಿದೆಯಂತೆ, ಎಲ್ಲರೂ ಮುಗಿಬಿದ್ದು ಓದುತ್ತಿದ್ದಾರಂತೆ. ಅದರಲ್ಲಿ ಹೆಂಡತಿ ತನ್ನ ಗಂಡ ನಿರಂಜನನಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಾಳೆ. ಬರೆದವರು ಯಾವುದೋ ಹತ್ತು ಅಂಕಿ ಮನಸ್ಸಿಗೆ ತೋಚಿದ ಹಾಗೆ ಹಾಕಿದ್ದಾರೆ. ಅದು ನನ್ನದಾಗಿದೆ. ಓದಿದವರು ಸುಮ್ಮನಿರಲಾರದೆ ಒತ್ತಿ ನೋಡುತ್ತಾರೆ. ನಾನು "ನನಗೆ ಹೆಂಡತಿ ಇಲ್ಲ, ಯಾವತ್ತೂ ಇರ್ಲಿಲ್ಲ" ಅನ್ನುತ್ತೇನೆ. ಕಾದಂಬರಿಯ ಕೊನೆಯ ತಿರುವೂ ಅದೇ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಶರ್ಟನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಮಾರನೇ ದಿನ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಪುಸ್ತಕ ತಂದೆ. ಅಂಗಡಿಯವನು, "ಓದಿ ಸಾರ್, ಆದ್ರೆ ಕೊನೆ ಯಾರಿಗೂ ಹೇಳ್ಬೇಡಿ," ಅಂದ. ನಾನು ಹೇಳದೆ ಇದ್ದದ್ದು ಇನ್ನು ಯಾರಿಗೆ!

ಪಿಯುಸಿ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಗೊಬ್ಬರದ ಚೀಲದ ಮೇಲಿನ ಅಕ್ಷರ. ಆದರೂ ಹಸುವಿನ ಕೆಲಸ ಮುಗಿಸಿ ಜಗುಲಿಯಲ್ಲಿ ಕೂತು ಓದಿದೆ. ನಿರಂಜನ ವಕೀಲ. ಊರಾಚೆ ಒಂಟಿ ಮನೆಯಲ್ಲಿರುತ್ತಾನೆ. ಗಂಡ ನನ್ನನ್ನು ಕೊಲ್ಲಲು ಹೊಂಚುಹಾಕುತ್ತಿದ್ದಾನೆ ಅಂತ ಹೆಂಡತಿ ಹೇಳುತ್ತಾ ಹೋಗುತ್ತಾಳೆ. ಕಾಣೆಯಾಗುತ್ತಾಳೆ. ಪೊಲೀಸರು ಬಂದು ಬಾಗಿಲು ಒಡೆದರೆ ಆ ಮನೆಯಲ್ಲಿ ಹೆಂಗಸಿನ ಒಂದು ಕೂದಲೂ ಸಿಗುವುದಿಲ್ಲ. ಒಬ್ಬನೇ ಇದ್ದು ಇದ್ದು ಅವನೇ ಅವಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾನೆ, ಅವಳ ಮಾತು ಅವನೇ ಆಡುತ್ತಿರುತ್ತಾನೆ, ಎರಡು ತಟ್ಟೆ ಹಾಕಿಕೊಂಡು ಉಣ್ಣುತ್ತಿರುತ್ತಾನೆ.

ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಓದಿದವರೆಲ್ಲ ಬೆಚ್ಚಿಬಿದ್ದೆವು ಅನ್ನುತ್ತಾರೆ. ಬೆಚ್ಚುವಂಥದ್ದು ಏನಿದೆ ಅದರಲ್ಲಿ? ಗದ್ದೆಯಿಂದ ಬಂದು ಚಪ್ಪಲಿ ಬಿಡುತ್ತಾ ಖಾಲಿ ಮನೆಗೆ "ಬಂದೆ ಕಣೇ" ಅಂತ ಹೇಳಿದರೆ ಅದು ಸಸ್ಪೆನ್ಸಾ? ನಾನೂ ಹೇಳಿದ್ದೇನೆ, ಎಷ್ಟೋ ಸಲ. ಯಾರೂ ಬಾಗಿಲು ಒಡೆದುಕೊಂಡು ಬಂದಿಲ್ಲ.

ಪುಸ್ತಕದಲ್ಲಿದ್ದ ಪ್ರಕಾಶಕರ ನಂಬರಿಗೆ ಮಾಡಿದೆ. ಪಾಪ, ಬಹಳ ಸಲ ಸಾರಿ ಕೇಳಿದರು. ಮುಂದಿನ ಮುದ್ರಣದಲ್ಲಿ ಖಂಡಿತ ತೆಗೆಯುತ್ತೇವೆ ಅಂದರು. ಅಕ್ಕ ಮಾತ್ರ ಸಿಡಿದೆದ್ದಳು.

"ನಾಳೇನೇ ಓಗಿ ಸಿಮ್ಮು ಬದ್ಲಾಯ್ಸು. ಎಂಡ್ರು ಕೊಂದೋನ ನಂಬ್ರು ಅಂತ ಚನ್ರಾಯಪಟ್ಣದೋರ ಕಿವಿಗೆ ಬಿದ್ರೆ ಏನ್ಲಾ ಗತಿ?"

"ಬದ್ಲಾಯ್ಸುದ್ರೆ ಅವ್ರು ಎಲ್ಲಿಗೆ ಮಾಡ್ತಾರಕ್ಕ? ಚಲುವಯ್ಯ ಕೊಟ್ಟಿರಾದು ಇದೇ ನಂಬ್ರು."

ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ನನ್ನ ಫೋನು ಅಷ್ಟು ಬಡಿದುಕೊಂಡದ್ದೇ ಅದೇ ಮೊದಲು. ಬಡಿದುಕೊಳ್ಳಲಿ ಅಂತ ಬಿಟ್ಟೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಮದುವೆಯ ಆಸೆಯಿಲ್ಲದೆಯೂ ಸುಳ್ಳು ಶುರುಮಾಡಿದೆ. "ನಿರಂಜನ್ ಅವರಾ?" ಅಂದರೆ "ಹೌದು, ಹೇಳಿ," ಅನ್ನತೊಡಗಿದೆ. ಶ್ರವಣಬೆಳಗೊಳದ ಒಂದು ಲಾಡ್ಜಿನವನು ಕೌಂಟರಿನಲ್ಲಿ ಕೂತು ಒಂದೇ ಪಟ್ಟಿಗೆ ಓದಿದನಂತೆ. ರೂಮಿನ ಬೀಗದ ಕೈ ಕೇಳುತ್ತಾ ನಿಂತ ಯಾತ್ರಿಕರನ್ನು ಗಮನಿಸಲೇ ಇಲ್ಲವಂತೆ, ಯಜಮಾನನ ಹತ್ತಿರ ಬೈಸಿಕೊಂಡನಂತೆ. ಒಬ್ಬ ಅಜ್ಜಿ, ಮೊಮ್ಮಗಳು ಓದಿ ಹೇಳಿದಳು ಅಂತ ಫೋನ್ ಮಾಡಿ, "ಮಗಾ, ನಿಂಗೆ ಯಾರಾನಾ ದೆವ್ವ ಬಿಡ್ಸೋರ್ತವ ತೋರ್ಸಪ್ಪ," ಅಂದಳು. ಒಬ್ಬ ಹುಡುಗಿ, "ಹೆಂಡತಿ ಇಲ್ಲ ಅಂದ್ಮೇಲೆ ಎರಡನೇ ತಟ್ಟೆ ಉಪ್ಪಿಟ್ಟು ಯಾರು ತಿಂದ್ರು?" ಅಂತ ವಕೀಲರ ಹಾಗೆ ಪಾಟೀಸವಾಲು ಹಾಕಿದಳು. "ನಾನೇ ತಿಂದೆ, ತಣ್ಣಗಾದ ಮೇಲೆ," ಅಂದೆ. ಅವಳು ಯಾಕೋ ಮೆಲ್ಲಗೆ ಫೋನ್ ಇಟ್ಟಳು.

ಮೇಷ್ಟ್ರು ಕೂಡ ಇನ್ನೊಮ್ಮೆ ಮಾಡಿ, ಪುಸ್ತಕ ಎರಡನೇ ಸಲ ಓದಿದೆ, ಅಷ್ಟೇನೂ ಕೆಟ್ಟದ್ದಲ್ಲ ಅಂದರು.

ಸ್ನೇಹಲತಾ ಮೊದಲ ಸಲ ಮಾಡಿದ್ದು ಒಂದು ಸಂಜೆ. ನಾನು ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದೆ. ಉಳಿದವರ ಹಾಗೆ ಕಿರುಚಲಿಲ್ಲ. "ಅವಳು ಅಷ್ಟು ಸಲ ಮಾಡಿದ್ರೂ ನೀವು ಯಾಕೆ ಫೋನ್ ಎತ್ತಲಿಲ್ಲ?" ಅಂತ ಕೇಳಿದರು, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ನನಗೆ ತೋಚಿದ್ದು ಹೇಳಿದೆ. "ಎತ್ತಿದ್ರೆ ಆ ಕಡೆ ಯಾರೂ ಇಲ್ಲ ಅಂತ ಗೊತ್ತಾಗ್ಬಿಡುತ್ತಲ್ಲ ಮೇಡಂ. ಬಡ್ಕೊಳ್ತಾ ಇದ್ರೆ ಯಾರೋ ಇದಾರೆ ಅನ್ನೋ ಹಾಗಿರುತ್ತೆ."

"ಇದು ಪುಸ್ತಕದಲ್ಲಿಲ್ಲ," ಅಂದರು. "ನೀವು ನಾಟಕದವರಾ? ಪ್ರಕಾಶಕರು ಈ ಕೆಲಸಕ್ಕೇ ಇಟ್ಟುಕೊಂಡಿದ್ದಾರಾ?"

"ಹಾಗೇ ಅಂದ್ಕೊಳ್ಳಿ."

ಮಾರನೇ ಸಂಜೆ ಮತ್ತೆ ಮಾಡಿದರು. ಆಮೇಲೆ ಅದೊಂದು ರೂಢಿಯೇ ಆಯಿತು. ಹೆಸರು ಹೇಳಿದರು, ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಣ್ಣನ ಮನೆಯಲ್ಲಿ ಇರುತ್ತಾರಂತೆ. ಅಣ್ಣ ಅತ್ತಿಗೆ ಟಿವಿ ಮುಂದೆ ಕೂತಾಗ ಇವರು ತಾರಸಿಗೆ ಬರುತ್ತಾರಂತೆ. "ನಾನು ಕೆಳಗಿಲ್ಲ ಅಂತ ಅವರಿಗೆ ಗೊತ್ತಾಗೋದು ಸೀರಿಯಲ್ ಮುಗಿದ ಮೇಲೆ," ಅಂತ ನಕ್ಕರು. ಮೊದಮೊದಲು ಕಾದಂಬರಿಯದೇ ಮಾತು. ಆ ಕಿಟಕಿ ಯಾಕೆ ತೆರೆದಿತ್ತು, ಆ ಸೀರೆ ಎಲ್ಲಿಂದ ಬಂತು. ಬರಬರುತ್ತಾ ನಿರಂಜನ ಬೆಳಗ್ಗೆ ಎದ್ದು ಏನು ಮಾಡುತ್ತಾನೆ, ಹಬ್ಬದ ದಿನ ಏನು ಮಾಡುತ್ತಾನೆ ಅಂತ ಕೇಳತೊಡಗಿದರು. ಅದೆಲ್ಲ ಪುಸ್ತಕದಲ್ಲಿರಲಿಲ್ಲ. ನಾನು ನನ್ನದನ್ನೇ ಹೇಳಿದೆ.

"ಮುದ್ದೆ ಒಬ್ಬನಿಗೆ ಅಂತ ಮಾಡಿದ್ರೆ ಸರಿಯಾಗಿ ಬರಲ್ಲ ಮೇಡಂ, ತಳ ಹಿಡಿಯುತ್ತೆ. ಇಬ್ಬರಿಗಾಗೋ ಅಷ್ಟು ಮಾಡ್ತೀನಿ. ಒಂದು ಉಳಿಯುತ್ತೆ."

"ಎಷ್ಟು ಚೆನ್ನಾಗಿ ಹೇಳ್ತೀರಿ ನೀವು!" ಅಂದರು. ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ. ಅಕ್ಕನಂತೂ, ನಿನ್ನ ಬಾಯಲ್ಲಿ ಮಾತು ಬರೋದು ಕಲ್ಲಲ್ಲಿ ನಾರು ತೆಗೆದಂಗೆ ಅನ್ನುತ್ತಾಳೆ.

ಒಮ್ಮೆ ಮಾತಿನ ಮಧ್ಯೆ ಹಸು ಅಂಬಾ ಅಂದುಬಿಟ್ಟಿತು. "ಅದೇನು ಸದ್ದು?" ಅಂದರು. "ಟಿವಿ," ಅಂದೆ. ವಕೀಲ ನಿರಂಜನನ ಮನೆಯಲ್ಲಿ ಹಸು ಹೇಗಿರುತ್ತದೆ!

ಇದರ ನಡುವೆ ಹೊಸ ಮುದ್ರಣ ಬಂತು. ನಂಬರು ತೆಗೆದಿದ್ದರು. ಉಳಿದ ಫೋನುಗಳು ಕಡಿಮೆಯಾಗಿ, ನಿಂತೇ ಹೋದವು. ನನಗೇನೂ ಅನ್ನಿಸಲಿಲ್ಲ. ಸಂಜೆಯ ಫೋನು ಬರುತ್ತಿತ್ತು, ಅಷ್ಟು ಸಾಕಿತ್ತು. ಹಾಲು ಹಾಕಲು ಬೇಗ ಹೋಗಿ ಬೇಗ ಬರುತ್ತಿದ್ದೆ. ಡೈರಿಯ ಕಟ್ಟೆಯಲ್ಲಿ ಕೂತವರು, "ಏನ್ಲಾ ಸುದರ್ಶನ, ಮನೇಲಿ ಎಂಡ್ರು ಕಾಯ್ತಾ ಕೂತಂಗೆ ಓಡ್ತೀಯಲ್ಲ," ಅಂತ ಕಿಚಾಯಿಸುತ್ತಿದ್ದರು. ನಿಜ ಹೇಳುತ್ತೇನೆ, ಚನ್ನರಾಯಪಟ್ಟಣದವರು ಬೇಡ ಅಂದುಬಿಟ್ಟರೆ ಒಳ್ಳೆಯದಿತ್ತು ಅಂತ ಅನ್ನಿಸತೊಡಗಿತು. ಆಗ ಈಕೆಗೆ ಎಲ್ಲ ಬಿಡಿಸಿ ಹೇಳಬಹುದು. ನಾನು ಇಂಥವನು, ಇಂಥ ಊರು, ಬೇಕಾದರೆ ಬಂದು ನೋಡಿ ಅಂತ. ಹೇಳುವ ಮಾತನ್ನು ಗದ್ದೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ.

ಹೋದ ವಾರ ಒಂದು ಸಂಜೆ ಅವರ ದನಿ ಬೇರೆ ಥರ ಇತ್ತು.

"ಮನೇಲಿ ಜಗಳ ಆಯ್ತು ನಿರಂಜನ್. ಅಣ್ಣ ಒಂದು ಗಂಡು ತಂದಿದ್ದ. ನಾನು ಬೇಡ ಅಂದೆ. ಚನ್ನರಾಯಪಟ್ಟಣದಲ್ಲೇ ನಿನ್ನ ವಯಸ್ಸಿನವರಿಗೆಲ್ಲ ಎರಡೆರಡು ಮಕ್ಕಳಿವೆ, ಟೀಚರ್ ಕೆಲಸ ಇದೆ ಅಂತ ಕೊಬ್ಬು ನಿನಗೆ ಅಂದ."

ನಾನು ಕ್ಯಾನು ಕೆಳಗಿಟ್ಟೆ.

"ಯಾವೂರು ಗಂಡು?"

"ಹೊಳೆನರಸೀಪುರದ ಹತ್ರ. ಹರದನಹಳ್ಳಿಯಂತೆ. ಹೆಸರು ಏನೋ ಹೇಳಿದ, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಫೋಟೋನೂ ನೋಡಲಿಲ್ಲ."

"ಯಾಕೆ ಮೇಡಂ?"

"ವ್ಯವಸಾಯ ಮಾಡ್ಕೊಂಡು ನಲವತ್ತು ದಾಟಿ ಒಬ್ಬನೇ ಇದಾನೆ ಅಂದ್ರೆ ಏನೋ ಐಬು ಇರಬೇಕಲ್ವಾ? ಅಂಥವರಿಗೆ ಮಾತೇ ಬರಲ್ಲ. ಬೆಳಗ್ಗೆ ಎದ್ದು ಗದ್ದೆ, ಸಂಜೆ ಬಂದು ಊಟ. ನನಗೇನು ಅಡುಗೆ ಮಾಡೋಕೆ ಜನ ಬೇಕಾಗಿಲ್ಲ ನಿರಂಜನ್, ಮಾತಾಡೋಕೆ ಬೇಕು. ನಿಮ್ಮ ಥರ ಮಾತಾಡೋನು ಒಬ್ಬ ಸಿಕ್ಕಿದ್ರೆ ಯಾವ ಹಳ್ಳಿ ಆದ್ರೂ ಹೋಗ್ತಿದ್ದೆ."

ದುಃಖವೋ ಸಂತೋಷವೋ ನನಗೇ ಗೊತ್ತಾಗಲಿಲ್ಲ. ಫೋಟೋ ನೋಡದೆ ಬೇಡ ಅಂದವರೂ ಇವರೇ, ಯಾವ ಹಳ್ಳಿಗಾದರೂ ಬರುತ್ತಿದ್ದೆ ಅಂದವರೂ ಇವರೇ. ನಡುವೆ ನಿಂತಿರುವುದು ನಾನೊಬ್ಬನೇ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಮೇಡಂ," ಅಂದೆ, "ಆ ಹರದನಹಳ್ಳಿಯವನು ನಾನೇ."

ನಿಲ್ಲಿಸದೆ ಉಳಿದದ್ದನ್ನೂ ಹೇಳಿಬಿಟ್ಟೆ.

"ನನ್ನ ಹೆಸರು ಸುದರ್ಶನ. ನಾನು ನಾಟಕದವನಲ್ಲ. ಯಾರೂ ನನ್ನ ಇಟ್ಕೊಂಡಿಲ್ಲ. ಪುಸ್ತಕದಲ್ಲಿ ನನ್ನ ನಂಬರು ತಪ್ಪಿ ಬಂದಿತ್ತು. ನಿಮ್ಮ ಸಂಬಂಧ ತಂದೋನು ಚಲುವಯ್ಯ ಅಂತ. ಅದೆಲ್ಲ ನಾನು ನನ್ನ ಮನೇದೇ ಹೇಳ್ತಿದ್ದೆ. ಮುದ್ದೆದು, ಹಬ್ಬದ್ದು, ಎಲ್ಲ."

ಮೊದಲು ಒಂದು ಉಸಿರು ಕೇಳಿಸಿತು. ಆಮೇಲೆ ಅವರು ನಕ್ಕರು. ಮನಸಾರೆ ನಕ್ಕರು. ಇಷ್ಟು ದಿನದಲ್ಲಿ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

"ಅಬ್ಬಾ ನಿರಂಜನ್! ಮೈಯೆಲ್ಲ ಜುಂ ಅಂತು. ಇದು ಎರಡನೇ ಭಾಗಾನಾ? ನನ್ನ ಕತೇನೇ ತಗೊಂಡು ನಿಂತಲ್ಲೇ ತಿರುಗಿಸಿಬಿಟ್ರಲ್ಲ!"

"ಇಲ್ಲ ಮೇಡಂ, ನಿಜ. ದೇವರಾಣೆ. ಹಸು ಇದೆ ನಮ್ಮನೇಲಿ. ಆವತ್ತು ಕೂಗಿದ್ದು ಟಿವಿ ಅಲ್ಲ."

"ಅಯ್ಯೋ, ಹೌದಲ್ವಾ! ಹಸು! ಅಷ್ಟು ಹಿಂದೇನೇ ಸುಳಿವು ಬಿಟ್ಟಿದ್ರಾ? ನಾನು ಎಂಥಾ ಪೆದ್ದಿ, ಗಮನಿಸಲೇ ಇಲ್ಲ. ಚಲುವಯ್ಯನ ಹೆಸರು ಹೇಗೆ ಗೊತ್ತಾಯ್ತು? ಇರಿ ಇರಿ, ಹೇಳ್ಬೇಡಿ, ನಾನೇ ಬಿಡಿಸ್ತೀನಿ. ನಾನೇ ಯಾವಾಗಲೋ ಬಾಯಿ ಬಿಟ್ಟಿರ್ತೀನಿ."

"ಬಂದು ನೋಡಿ ಮೇಡಂ. ಹರದನಹಳ್ಳೀಲಿ ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ."

"ಹೆಂಡತಿ ಕಾಣೆಯಾದ ಮನೆಗಾ? ನಾನಂತೂ ಬರಲ್ಲಪ್ಪ!" ಮತ್ತೆ ನಗು. ಮನೆಯ ಜಗಳ, ಬೇಸರ, ಎಲ್ಲ ಹೊರಟುಹೋಗಿತ್ತು ಅವರ ದನಿಯಿಂದ. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಅದೇ ಇನ್ನೊಂದು ಕರ್ಮ.

ಇನ್ನು ಯಾವ ಆಣೆ ಇಟ್ಟರೂ ಪ್ರಯೋಜನವಿಲ್ಲ ಅಂತ ಗೊತ್ತಾಯಿತು. ನಾನು ಎಷ್ಟು ನಿಜ ಹೇಳಿದರೆ ಅಷ್ಟು ಒಳ್ಳೆಯ ಕತೆಯಾಗುತ್ತಿತ್ತು. ಆದರೂ ಒಂದು ಕೇಳಿದೆ.

"ಎರಡನೇ ಭಾಗ ಅಂತಾನೇ ಇಟ್ಕೊಳ್ಳಿ ಮೇಡಂ. ಫೋನಲ್ಲಿ ಮಾತಾಡೋನೇ ಆ ಗಂಡು ಅಂತ ಗೊತ್ತಾಯ್ತು. ಈಗ ಆ ಹುಡುಗಿ ಒಪ್ಕೊತಾಳಾ?"

ಅವರು ಯೋಚನೆ ಮಾಡಿದರು. ಕೆಳಗೆ ಯಾರೋ ಸ್ನೇಹಾ ಅಂತ ಕೂಗಿದ್ದು ನನಗೂ ಕೇಳಿಸಿತು. ಅವರು ಓಗೊಡಲಿಲ್ಲ, ನನಗೆ ಸರಿಯಾದ ಉತ್ತರ ಕೊಡಬೇಕು ಅಂತ ಯೋಚಿಸುತ್ತಲೇ ಇದ್ದರು.

"ಇಲ್ಲ," ಅಂದರು ಕೊನೆಗೆ, ಬಹಳ ವಿಶ್ವಾಸದಿಂದ. "ಒಪ್ಕೋಬಾರ್ದು. ಒಪ್ಕೊಂಡ್ರೆ ಕತೆ ಕೆಟ್ಟೋಗುತ್ತೆ."

ನಾಳೆ ಮಾಡುತ್ತೇನೆ, ಊಟ ಮಾಡಿ ಅಂತ ಹೇಳಿ ಇಟ್ಟರು. ನಾನು ಎದ್ದು ಹಸುವಿಗೆ ಹುಲ್ಲು ಹಾಕಿದೆ.